ಕರಿಕಟ್ಟಿಯ ಲೂಪ್ ಲೈನು

ಇಳಿಜಾರಿನ ಎರಡನೆಯ ತಿರುವು ದಾಟುವಷ್ಟರಲ್ಲಿ ಹಿಂದಿನ ಡಬ್ಬಿಗಳ ಭಾರವೆಲ್ಲ ಒಂದೊಂದಾಗಿ ಬಂದು ಎಂಜಿನ್ನಿನ ಬೆನ್ನಿಗೆ ಒರಗಿತು. ಅಂದಾನಪ್ಪ ಬ್ರೇಕಿನ ಹಿಡಿಯನ್ನು ತುಸುವೇ ಎಳೆದ. ಕಾದ. ಎಳೆದದ್ದು ಕಟ್ಟಕಡೆಯ ಡಬ್ಬಿಗೆ ಹೋಗಿ ಮುಟ್ಟುವುದಕ್ಕೆ ಸಮಯ ಹಿಡಿಯುತ್ತದೆ. ಅವಸರದವರು ಅಷ್ಟರಲ್ಲಿ ಇನ್ನೊಮ್ಮೆ ಎಳೆದು ಗಾಡಿಯನ್ನು ನಡುದಾರಿಯಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಅವನು ಎಳೆಯಲಿಲ್ಲ. ಅದಿರು ತುಂಬಿದ ಅಷ್ಟುದ್ದದ ಗಾಡಿ ಮೆಲ್ಲಗೆ ಅವನ ಮಾತು ಕೇಳತೊಡಗಿತು.

ಎಲ್ಲೋ ಒಂದು ನಳ ಗಾಳಿ ಉಗುಳಿತು. ಮೊದಲು ಉಸ್ ಎಂದು, ಆಮೇಲೆ ಗೊಟಗೊಟ ಎಂದು. ಅಂದಾನಪ್ಪನ ಬೆನ್ನು ನೆಟ್ಟಗಾಯಿತು. ತಲೆ ಮಾತ್ರ ತಿರುಗಲಿಲ್ಲ. ಎದುರಿಗೆ ಕರಿಕಟ್ಟಿಯ ಸಿಗ್ನಲ್ ಕಾಣಿಸಿತು: ಹಳದಿ, ಅದರ ತಲೆಯ ಮೇಲೆ ಓರೆಯಾಗಿ ಉರಿಯುವ ಬಿಳಿ ದೀಪಗಳ ಸಾಲು. ಮುಖ್ಯ ಹಳಿ ಬಿಟ್ಟು ಪಕ್ಕದ ಲೂಪ್ ಲೈನಿಗೆ ಸರಿದು ನಿಲ್ಲು, ಹಿಂದಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ, ಅದಕ್ಕೆ ದಾರಿ ಬಿಡು ಎಂದು ಅದರ ಅರ್ಥ.

ಹಿತ್ತಲಲ್ಲಿ ಖಾಲಿ ಬ್ಯಾರಲ್ ಎಳೆದ ಸದ್ದು. ಕೊಡಗಳು ಒಂದಕ್ಕೊಂದು ತಾಗಿದ ಸದ್ದು. ಆದರೂ ಯಾರೂ ಅವನನ್ನು ಕರೆಯಲಿಲ್ಲ. ಎಂಜಿನ್ ಗುಡುಗುತ್ತಿರುವವರೆಗೆ ಆ ಮನೆಯಲ್ಲಿ ಯಾರೂ ಅವನನ್ನು ಕರೆಯುವುದಿಲ್ಲ.

ಗಾಡಿ ಲೂಪಿಗೆ ತಿರುಗಿತು. ಕೊನೆಯ ಡಬ್ಬಿ ಮುಖ್ಯ ಹಳಿಯನ್ನು ಪೂರ್ತಿ ಬಿಟ್ಟುಕೊಟ್ಟದ್ದನ್ನು ನೋಡಿಕೊಂಡು, ಕೆಂಪು ದೀಪದ ಇತ್ತ ಅವನು ನಿಲ್ಲಿಸಿದ. ಡಬ್ಬಿಗಳು ಹಿಂದಕ್ಕೆ ಕಟಕಟ ಎಂದು ಕುಂತವು. ಎಂಜಿನ್ನಿನ ಗುಡುಗು ಇಳಿದು ಬರೀ ಗುಂಯ್ ಎಂಬ ನಾದ ಉಳಿಯಿತು.

"ನಿಂತತೇನ್ರಿ?" ಒಳಗಿನಿಂದ ಶಂಕ್ರವ್ವ ಕೇಳಿದಳು.

"ನಿಂತತಿ."

"ಹಂಗಾರ ಬರ್ರಿ. ನೀರ ಬಂದ್ವು. ನಾ ಹಿಟ್ಟ ನಾದಾಕತ್ತೀನಿ, ಕೈ ಸುದ್ದ ಇಲ್ಲ."

ಅಂದಾನಪ್ಪ ಕುರ್ಚಿ ಹಿಂದಕ್ಕೆ ಸರಿಸಿ, ಪರದೆಯ ಮೇಲೆ ನಿಂತಿದ್ದ ಗಾಡಿಯನ್ನು ಹಾಗೇ ಬಿಟ್ಟು, ಲುಂಗಿ ಮೇಲಕ್ಕೆ ಕಟ್ಟಿ ಹಿತ್ತಲಿಗೆ ನಡೆದ. ಬೆಟಗೇರಿಯ ಆ ಓಣಿಗೆ ನೀರು ಬರುವುದು ಐದು ದಿನಕ್ಕೊಮ್ಮೆ. ಬ್ಯಾರಲ್ಲು, ಕೊಡ, ಬಕೀಟು, ಗಂಡ ಹೆಂಡತಿ ಮನೆಯಲ್ಲೇ ನಡೆಸುವ ಖಾನಾವಳಿಯ ದೊಡ್ಡ ಪಾತೇಲಿ, ಕೊನೆಗೆ ಚರಿಗೆಗಳು ಕೂಡ ತುಂಬಬೇಕು. ನಡುವೆ ಒಳಕೋಣೆಯಿಂದ ಎಕ್ಸ್‌ಪ್ರೆಸ್ಸಿನ ಹಾರ್ನ್ ಕೇಳಿಸಿತು; ಗಾಡಿ ಬುರ್ರೆಂದು ದಾಟಿಹೋಯಿತು. ಸ್ವಲ್ಪ ಹೊತ್ತಿಗೆ ಟಿಣ್ ಎಂದಿತು. ಸಿಗ್ನಲ್ ಹಸಿರಾದಾಗ ಆಗುವ ಸದ್ದು ಅದು.

"ನಿಮ್ಮ ಗಾಡಿಗೆ ಸಿಗ್ನಲ್ ಬಿತ್ತು ನೋಡ್ರಿ," ಅಂದಳು ಶಂಕ್ರವ್ವ.

"ಬೀಳ್ಲಿ. ಇದೊಂದ ಬ್ಯಾರಲ್ ತುಂಬ್ಲಿ."

ಗಾಡಿ ನಿಂತೇ ಇತ್ತು.

ಅವನು ಓಡಿಸುತ್ತಿದ್ದದ್ದು ಆಟದ ಗಾಡಿ. ಆದರೆ ಅದರ ಹಳಿ, ಸೇತುವೆ, ಏರು, ಇಳಿತ, ಸ್ಟೇಷನ್ನು, ಕಡೆಗೆ ಪ್ಲಾಟ್‌ಫಾರಂ ಬೆಂಚಿನ ಕೆಳಗೆ ಮಲಗುವ ಕಂದು ನಾಯಿ ಕೂಡ ನಿಜವಾದ ಸರಕು ಮಾರ್ಗದ ಪಡಿಯಚ್ಚು. ಗಣಿಯಿಂದ ಬಂದರಿನವರೆಗಿನ ಆ ಮಾರ್ಗವನ್ನು ನಡೆಸುವ ಕಂಪನಿಯೇ ಆಟವನ್ನೂ ಮಾಡಿಸಿ ಪುಕ್ಕಟೆ ಹಂಚಿತ್ತು. ಅದಕ್ಕೆ ಪ್ರತಿಯಾಗಿ ಆಟಗಾರರ ಕೈ ಎಲ್ಲಿ ಎಳೆಯಿತು, ಎಲ್ಲಿ ಬಿಟ್ಟಿತು, ಎಷ್ಟು ಹೊತ್ತು ತಡೆಯಿತು ಎಂಬುದೆಲ್ಲ ಹುಬ್ಬಳ್ಳಿಯ ನಿಯಂತ್ರಣ ಕೇಂದ್ರಕ್ಕೆ ಹೋಗುತ್ತಿತ್ತು. ಅದನ್ನು ನೋಡಿ ನೋಡಿ ಒಂದು ಯಂತ್ರ ಗಾಡಿ ಬಿಡುವುದನ್ನು ಕಲಿತಿತ್ತು. ಈಗ ನಿಜವಾದ ಮಾರ್ಗದ ಗೂಡ್ಸ್ ಗಾಡಿಗಳ ಎಂಜಿನ್ನಿನಲ್ಲಿ ಯಾರೂ ಕೂರುವುದಿಲ್ಲ. ಇದೆಲ್ಲ ಆಟದ ಮೊದಲ ಪುಟದಲ್ಲೇ ಬರೆದಿತ್ತು. ಅಂದಾನಪ್ಪ ಓದಿದ್ದ, ಆಗಲಿ ಅಂದಿದ್ದ, ಮರೆತಿದ್ದ.

ಅವನಿಗೆ ಬೇಕಾಗಿದ್ದದ್ದು ಗೂಡ್ಸ್ ಗಾಡಿ. ಎಕ್ಸ್‌ಪ್ರೆಸ್ ಓಡಿಸುವವರನ್ನು ಕಂಡರೆ ಅವನಿಗೆ ಅಯ್ಯೋ ಅನಿಸುತ್ತಿತ್ತು. ಅವರಿಗೆ ಹೊರಡುವ ಹೊತ್ತು ಉಂಟು, ಮುಟ್ಟುವ ಹೊತ್ತು ಉಂಟು, ನಡುವೆ ಏನೂ ಇಲ್ಲ. ಗೂಡ್ಸಿಗೆ ಹೊತ್ತುಗೊತ್ತಿಲ್ಲ. ತುಂಬಿದಾಗ ಏರಿನಲ್ಲಿ ಒಂದೊಂದು ಕೊಂಡಿಯೂ ಬಿಗಿಯುವುದು ಕೈಗೆ ತಿಳಿಯುತ್ತದೆ. ಖಾಲಿ ಬರುವಾಗ ಡಬ್ಬಿಗಳೆಲ್ಲ ಸಾಲಿ ಬಿಟ್ಟ ಹುಡುಗರಂತೆ ಗದ್ದಲ ಹಾಕುತ್ತವೆ. ಯಾರು ಬಂದರೂ ಪಕ್ಕಕ್ಕೆ ಸರಿದು ನಿಲ್ಲಬೇಕು. ಆ ನಿಲ್ಲುವುದೇ ಅವನಿಗೆ ಪ್ರಾಣ. ಮಿಕ್ಕ ಆಟಗಾರರು ಲೂಪಿಗೆ ಬಂದೊಡನೆ ಒಂದು ಗುಂಡಿ ಒತ್ತಿ ಕಾಯುವ ಹೊತ್ತನ್ನು ಹಾರಿಸಿಬಿಡುತ್ತಿದ್ದರು. ಅವನು ಹಾರಿಸುತ್ತಿರಲಿಲ್ಲ. ಆಟದಲ್ಲಿ 'ನಿಜಕಾಲ' ಎಂಬ ಒಂದು ಬಗೆ ಇತ್ತು: ಹೊರಗೆ ಎಷ್ಟು ಹೊತ್ತೋ ಒಳಗೂ ಅಷ್ಟೇ. ಗಾಡಿ ಕರಿಕಟ್ಟಿಯಲ್ಲಿ ನಿಂತರೆ ಅವನು ಅಡಿಗೆಮನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ, ಊಟಕ್ಕೆ ಬಂದವರಿಗೆ ಬಡಿಸುತ್ತಿದ್ದ, ಬಾಡಿಗೆ ಕೋಣೆಯ ಲೆಕ್ಚರರಿಗೆ ಬುತ್ತಿ ಮುಟ್ಟಿಸಿ ಬರುತ್ತಿದ್ದ. ಗುಂಯ್ ಎಂಬ ನಾದ ಮನೆಯೆಲ್ಲ ತುಂಬಿರುತ್ತಿತ್ತು. ಆ ನಾದವಿದ್ದರೆ ಗಂಡ ಖಾಲಿ ಇದ್ದಾನೆ ಎಂದು ಶಂಕ್ರವ್ವನ ಲೆಕ್ಕ. ಮೊದಮೊದಲು ಅವಳು ಈ ಆಟಕ್ಕೆ ಬೈದಿದ್ದಳು. ಆಮೇಲೆ, ಬೇರೆ ಗಂಡಂದಿರು ಯಾವಾಗ ಖಾಲಿ ಇರುತ್ತಾರೆಂದು ಅವರ ಹೆಂಡಂದಿರಿಗೆ ಎಂದೂ ತಿಳಿಯುವುದಿಲ್ಲ ಎಂಬುದು ಹೊಳೆದು ಸುಮ್ಮನಾದಳು.

"ಏನ್ ಅಂದಾನಣ್ಣ, ಇವತ್ತ ಎಲ್ಲೆ ನಿಂತೈತಿ?" ಎಂದು ಪ್ರಿಂಟಿಂಗ್ ಪ್ರೆಸ್ಸಿನ ತೋಟಗೇರ ದಿನಾ ಊಟಕ್ಕೆ ಕೂರುವಾಗ ಕೇಳುತ್ತಿದ್ದ.

"ಕರಿಕಟ್ಟಿ."

"ಹಂಗಾರ ಇನ್ನೊಂದ ರೊಟ್ಟಿ ಉಣ್ಣಾಕ ಟೈಮ್ ಐತಿ ಅನ್ನು."

ಹುಬ್ಬಳ್ಳಿಯ ನಿಯಂತ್ರಣ ಕೇಂದ್ರದಲ್ಲಿ ಇದನ್ನು ಐದರ ಕಾಯಿಲೆ ಎಂದು ಕರೆಯುತ್ತಿದ್ದರು. ಗೋಡೆಯ ತುಂಬ ಹರಡಿದ ಪರದೆಯ ಮೇಲೆ ನಿಜವಾದ ಮಾರ್ಗದ ಗೂಡ್ಸ್ ಗಾಡಿಗಳು ಹಳದಿ ಹುಳುಗಳಂತೆ ಹರಿಯುತ್ತಿದ್ದವು. ಮಾರ್ಗದ ಎಲ್ಲ ಸ್ಟೇಷನ್ನುಗಳಲ್ಲೂ, ಐದು ದಿನಕ್ಕೊಮ್ಮೆ, ಬೆಳಗಿನ ಹೊತ್ತು, ಸಿಗ್ನಲ್ ಹಸಿರಾದ ಮೇಲೂ ಅವು ಹೊರಡುತ್ತಿರಲಿಲ್ಲ. ಬ್ರೇಕ್ ಹಿಡಿದು ನಿಂತಿರುತ್ತಿದ್ದವು. ಆಮೇಲೆ ಏನೋ ಕೆಲಸ ಮುಗಿಸಿ ಬಂದವರಂತೆ ತಾವಾಗಿಯೇ ಹೊರಡುತ್ತಿದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ದಿನವೂ ಒಂದು ಸಣ್ಣ ತಡ ಬೇರೆ.

"ಬಿಸಿಲಿಗೆ ಸೆನ್ಸರ್ ಕೆಡುತ್ತಿರಬಹುದು," ಎಂದಿದ್ದರು ಕೇಂದ್ರದ ಮುಖ್ಯಸ್ಥ ಚಂದ್ರಮೌಳಿ. ಅವರು ಮೈಸೂರಿನವರು, ಮೃದು ಮಾತಿನವರು, ತಡವಾದ ಗಾಡಿಯನ್ನು ಕಂಡರೆ ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಳ್ಳುವವರು.

"ಬಿಸಿಲು ದಿನಾ ಇರತೈತಲ್ರಿ ಸರ್," ಎಂದಿದ್ದಳು ಸಬೀಹಾ ನದಾಫ್.

ಯಂತ್ರಕ್ಕೆ ಕಲಿಸುವ ಕೆಲಸ ಸಬೀಹಾಳದು. ಅವಳು ನಿಜವಾದ ಕರಿಕಟ್ಟಿಯ ಕ್ಯಾಮೆರಾ ನೋಡುತ್ತ ಕೂತಿರುತ್ತಿದ್ದಳು. ಅಲ್ಲಿಯ ಜನ ಆಗಲೇ ಈ ಕಾಯಿಲೆಗೆ ಹೊಂದಿಕೊಂಡಿದ್ದರು. ಕಳೆ ತೆಗೆಯುವ ಹೆಂಗಸರು ಐದನೆಯ ದಿನ ನಿಂತ ಗಾಡಿಯ ನೆರಳಿಗೆ, ಹಳಿಯಿಂದಾಚೆಯ ಕಟ್ಟೆಗೆ ಬಂದು ಬುತ್ತಿ ಬಿಚ್ಚುತ್ತಿದ್ದರು. ಮಿಕ್ಕ ದಿನ ಬೇವಿನ ಮರಕ್ಕೆ ಹೋಗುತ್ತಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ.

ಕಾಯಿಲೆಯ ಗುಟ್ಟು ಹೊಳೆದದ್ದು ಒಂದು ಫೋನಿನಿಂದ. ನವಲಗುಂದದ ತಾಯಿಗೆ ಸಬೀಹಾ ಕರೆ ಮಾಡಿದ್ದಳು. "ಆಮ್ಯಾಲೆ ಮಾಡವ್ವ, ನೀರ ಬಂದಾವ," ಎಂದು ತಾಯಿ ಇಟ್ಟುಬಿಟ್ಟಳು. ಸಬೀಹಾ ಫೋನು ಕೈಯಲ್ಲಿ ಹಿಡಿದೇ ಪರದೆ ನೋಡಿದಳು. ಬೆಳಗ್ಗೆ ದೊಡ್ಡ ತಡ, ಐದು ದಿನಕ್ಕೊಮ್ಮೆ. ಮಧ್ಯಾಹ್ನ ಸಣ್ಣ ತಡ, ದಿನಾ. ಹಬ್ಬದ ಹಿಂದಿನ ದಿನ ಇಡೀ ದಿನ ತಡ. ಇಂಥ ನಕ್ಷೆಯೊಳಗೇ ಅವಳು ಹುಟ್ಟಿ ಬೆಳೆದಿದ್ದಳು.

"ಸರ್, ಇದು ಸೆನ್ಸರ್ ಅಲ್ರಿ. ಯಾರೋ ನೀರ ತುಂಬಾಕತ್ತಾರ."

ಚಂದ್ರಮೌಳಿ ಕೆನ್ನೆಯಿಂದ ಕೈ ತೆಗೆದರು. "ಯಾರು?"

ಯಾರೆಂದು ಹುಡುಕುವುದು ಕಷ್ಟವಾಗಲಿಲ್ಲ. ಮೊದಲ ತಿಂಗಳುಗಳಲ್ಲಿ ಯಂತ್ರಕ್ಕೆ ಕಾಯುವುದೇ ತಿಳಿದಿರಲಿಲ್ಲ. ಕಲಿಸಿದವರೆಲ್ಲ ಗುಂಡಿ ಒತ್ತಿ ಹಾರಿಸಿದವರು. ಕೆಂಪು ದೀಪದೆದುರು ನಿಂತ ಮರುಗಳಿಗೆಗೇ ಹಸಿರು ಬರುತ್ತದೆ ಎಂದು ಅದು ನಂಬಿತ್ತು. ಬರದಿದ್ದಾಗ ಚಡಪಡಿಸುತ್ತಿತ್ತು. ಬ್ರೇಕ್ ತುಸು ಬಿಡುವುದು, ಒಂದಡಿ ಮುಂದೆ ತೆವಳುವುದು, ಮತ್ತೆ ಹಿಡಿಯುವುದು, ಮತ್ತೆ ತೆವಳುವುದು. ಒಮ್ಮೆ ಅದಿರಿನ ಗಾಡಿಯೊಂದು ಹೀಗೇ ತೆವಳುತ್ತ ಕೆಂಪು ದೀಪವನ್ನೇ ದಾಟಿತ್ತು. ಎದುರಿಗೆ ಏನೂ ಬರದಿದ್ದದ್ದು ಪುಣ್ಯ. ಆಗ ಸಬೀಹಾ ಇಡೀ ಆಟವನ್ನು ಜಾಲಾಡಿ, ನಿಜಕಾಲದಲ್ಲಿ ನೆಟ್ಟಗೆ ಕಾಯುವ ಒಬ್ಬನೇ ಒಬ್ಬನನ್ನು ಪತ್ತೆಹಚ್ಚಿ, ಕಾಯುವ ಪಾಠವನ್ನೆಲ್ಲ ಅವನಿಂದಲೇ ಕಲಿಸಿದ್ದಳು. ಆಟದಲ್ಲಿ ಅವನ ಹೆಸರು ಗೂಡ್ಸ್ ಅಂದಾನಿ. ಯಂತ್ರ ಅವನಿಂದ ಸಮಾಧಾನ ಕಲಿತಿತ್ತು. ಅದರ ಜೊತೆಗೇ ಅವನ ಮನೆಯ ಕೆಲಸವನ್ನೂ ಕಲಿತುಬಿಟ್ಟಿತ್ತು.

"ಕಾಯೋದು ಬೇಕು, ತಡ ಬೇಡ," ಎಂದರು ಚಂದ್ರಮೌಳಿ. "ಎರಡನ್ನೂ ಬೇರೆ ಮಾಡಿ. ಆಗದಿದ್ದರೆ ನಿಜಕಾಲ ಅನ್ನೋದನ್ನೇ ಆಟದಿಂದ ತೆಗೆದುಬಿಡಿ ಅಂತ ಮೇಲಿನವರು ಹೇಳಿದ್ದಾರೆ. ಒಂದನೇ ತಾರೀಖು ಕೊನೆ."

"ತೆಗೆದ್ರ ಮತ್ತ ತೆವಳತೈತ್ರಿ ಅದು."

"ಬೇರೆ ಯಾರಾದರೂ ಸಿಗ್ತಾರೆ. ಕಾಯೋಕೆ ಏನು ವಿದ್ಯೆ ಬೇಕು?"

ಸಬೀಹಾ ಬೆಟಗೇರಿಗೆ ಬಂದಾಗ ಊಟದ ಹೊತ್ತು. ಅವಳನ್ನು ಗಿರಾಕಿ ಎಂದುಕೊಂಡು ಅಂದಾನಪ್ಪ ತಾಟು ಇಟ್ಟ. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಅವಳು ಉಣ್ಣುತ್ತ ಉಣ್ಣುತ್ತ ಎಲ್ಲವನ್ನೂ ಹೇಳಿದಳು. ಒಳಕೋಣೆಯ ಗುಂಯ್ ನಾದ ಅವಳ ಮಾತಿನ ಹಿಂದೆ ನಡೆದೇ ಇತ್ತು.

"ಅಂದ್ರ ನಾನು ನೀರ ತುಂಬಿದ್ರ ಅಲ್ಲಿ ನಿಜವಾದ ಗಾಡಿ ನಿಲ್ತಾವು?" ಅಂದಾನಪ್ಪ ಸಾರಿನ ಸೌಟು ಹಿಡಿದೇ ನಿಂತ.

"ಎಲ್ಲಾ ನಿಲ್ತಾವು ಕಾಕಾ. ಗಣಿಯಿಂದ ಬಂದರಿನ ತನಕ."

ತೋಟಗೇರ ಗಂಟಲಿಗೆ ರೊಟ್ಟಿ ಸಿಕ್ಕಿ ಕೆಮ್ಮಿದ. "ಶಂಕ್ರಕ್ಕಾ, ಕೇಳಿದ್ಯಾ? ನೀ ಒಂದ ಕೊಡಾ ಜಾಸ್ತಿ ತುಂಬಿಸಿದ್ರ ಹಡಗ ಕಾಯ್ಬೇಕಂತ."

"ಕಾಯ್ಲಿ," ಅಂದಳು ಶಂಕ್ರವ್ವ ಒಲೆಯ ಮುಂದಿನಿಂದ. "ಹಡಗಿಗೆ ನೀರಿನ ಕೊರತಿ ಏನೈತಿ?"

ಎಲ್ಲರೂ ನಕ್ಕರು. ಅಂದಾನಪ್ಪ ನಗಲಿಲ್ಲ. ಅವನಿಗೆ ಒಂದು ಕಡೆ ಎದೆಯುಬ್ಬಿತ್ತು. ಆ ಗಾಡಿಗಳೆಲ್ಲ ಇಳಿಜಾರಿನಲ್ಲಿ ತನ್ನ ಹಾಗೇ ತುಸು ಎಳೆದು ಕಾಯುತ್ತವೆ ಎಂದಲ್ಲವೇ ಇದರ ಅರ್ಥ? ಇನ್ನೊಂದು ಕಡೆ ಒಂದನೇ ತಾರೀಖು ಕಿವಿಯಲ್ಲಿ ಉಳಿದಿತ್ತು.

"ನಿಜಕಾಲ ತೆಗೀತಾರ ಅಂದೆಲ್ಲವ್ವ. ತೆಗೆದ್ರ ಏನ್ ಉಳೀತೈತಿ?"

"ಲೂಪಿಗೆ ಬಂದ ಕೂಡ್ಲೆ ಹಸರ. ಎಲ್ಲಾರಿಗೂ. ಎಲ್ಲೂ ನಿಲ್ಲೂದಿಲ್ಲ."

"ಹಂಗಾರ ಅದು ಎಕ್ಸ್‌ಪ್ರೆಸ್ಸ ಆತು," ಅಂದ ಅವನು. ಯಾರೋ ಸತ್ತ ಸುದ್ದಿ ಕೇಳಿದ ಹಾಗಿತ್ತು ಅವನ ಮುಖ.

ಸಬೀಹಾ ಒಂದು ದಾರಿ ತಂದಿದ್ದಳು. ಕೇಂದ್ರದಲ್ಲಿ ಗದ್ದಲವಿಲ್ಲದ ಒಂದು ಕ್ಯಾಬಿನ್ ಇದೆ. ಅಲ್ಲಿ ಬಂದು ಅವನು ಇದೇ ಮಾರ್ಗ ಓಡಿಸಲಿ. ಯಾರೂ ಕರೆಯುವುದಿಲ್ಲ. ಸಿಗ್ನಲ್ ಬಿದ್ದೊಡನೆ ಹೊರಡಬಹುದು. ಯಂತ್ರ ಅದನ್ನು ಕಲಿತರೆ ತಡ ಹೋಗುತ್ತದೆ, ಸಮಾಧಾನ ಉಳಿಯುತ್ತದೆ, ನಿಜಕಾಲವೂ ಉಳಿಯುತ್ತದೆ. ಮೊದಲು ಒಂದು ದಿನ ಬಂದು ನೋಡಲಿ.

"ಹೋಗಿ ಬರ್ರಿ," ಅಂದಳು ಶಂಕ್ರವ್ವ. "ಒಂದ ದಿನಕ್ಕ ಮನಿ ಏನ್ ಬೀಳೂದಿಲ್ಲ."

ಕ್ಯಾಬಿನ್ ನಿಜಕ್ಕೂ ಚೆನ್ನಾಗಿತ್ತು. ನಿಜವಾದ ಎಂಜಿನ್ನಿನ ಕುರ್ಚಿ, ನಿಜವಾದ ಹಿಡಿಗಳು, ಮೂರೂ ಕಡೆ ಪರದೆ. ಏರಿನಲ್ಲಿ ಕುರ್ಚಿ ಹಿಂದಕ್ಕೆ ಒರಗುತ್ತಿತ್ತು, ಹಳಿಯ ಜೋಡಣೆಗಳು ಬೆನ್ನಿಗೆ ತಿಳಿಯುತ್ತಿದ್ದವು. ಗಾಜಿನಾಚೆ ಸಬೀಹಾ ಮತ್ತು ಚಂದ್ರಮೌಳಿ ನಿಂತಿದ್ದರು. ಅಂದಾನಪ್ಪ ಅವರನ್ನು ಕೂಡಲೇ ಮರೆತ. ಗಣಿಯ ಸೈಡಿಂಗಿನಿಂದ ಗಾಡಿಯನ್ನು ಒಂದು ಕೊಂಡಿಯೂ ಜಗ್ಗದ ಹಾಗೆ ಎಬ್ಬಿಸಿದ. ಏರು ಹತ್ತಿಸಿದ. ಇಳಿಜಾರಿನ ಎರಡನೆಯ ತಿರುವಿನಲ್ಲಿ ತುಸುವೇ ಎಳೆದು ಕಾದ. ಅಷ್ಟು ಚೆಂದ ಅವನು ಎಂದೂ ಓಡಿಸಿರಲಿಲ್ಲ. ಚಂದ್ರಮೌಳಿಯವರ ಕೈ ಕೆನ್ನೆಯ ಹತ್ತಿರಕ್ಕೂ ಹೋಗಲಿಲ್ಲ.

ಕರಿಕಟ್ಟಿ. ಹಳದಿ, ಓರೆ ದೀಪಗಳು. ಲೂಪಿಗೆ ಸರಿದು, ಕೆಂಪಿನ ಇತ್ತ ನಿಲ್ಲಿಸಿದ. ಗುಡುಗು ಇಳಿಯಿತು. ಗುಂಯ್.

ಅವನು ಎದ್ದು ನಿಂತ. ಎದ್ದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಕೂತ.

ಬೆಂಚಿನ ಕೆಳಗೆ ಕಂದು ನಾಯಿ ಮಲಗಿತ್ತು. ಅದನ್ನು ನೋಡಿದ. ಬೇವಿನ ಮರ ನೋಡಿದ. ನಾಯಿ ಇನ್ನೂ ಮಲಗಿತ್ತು. ನೀರಿನ ಬಾಟಲಿಯ ಮುಚ್ಚಳ ತೆಗೆದು ಹಾಕಿದ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ, ಅವು ಬೇರೆ ಯಾರದೋ ಕೈಗಳಂತೆ ಕಂಡವು. ಎಕ್ಸ್‌ಪ್ರೆಸ್ ಇನ್ನೂ ಎರಡು ಸ್ಟೇಷನ್ ಹಿಂದಿತ್ತು. ಇಷ್ಟು ಹೊತ್ತು ದಿನಾ ಹೇಗೆ ಕಳೆಯುತ್ತಿತ್ತು? ಬ್ರೇಕ್ ಸರಿಯಾಗಿ ಹಿಡಿದಿದೆಯೋ ಇಲ್ಲವೋ ನೋಡೋಣವೆಂದು ತುಸು ಬಿಟ್ಟ. ಗಾಡಿ ಒಂದಡಿ ತೆವಳಿತು. ಹಿಡಿದ. ಸರಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬಿಟ್ಟ.

ಗಾಜಿನಾಚೆ ಸಬೀಹಾಳ ಮುಖ ಬದಲಾಯಿತು. ಈ ತೆವಳುವುದನ್ನು ಅವಳು ಬಲ್ಲಳು. ಯಂತ್ರದ ಮೊದಲ ತಿಂಗಳುಗಳಲ್ಲಿ ದಿನವೂ ನೋಡಿದ್ದಳು.

"ಇವರು ಯಾಕೆ ಹೀಗೆ ಮಾಡ್ತಿದ್ದಾರೆ?" ಎಂದರು ಚಂದ್ರಮೌಳಿ ಮೆಲುದನಿಯಲ್ಲಿ.

ಮೂರನೆಯ ಸಲವೋ ನಾಲ್ಕನೆಯ ಸಲವೋ ಗಾಡಿ ತುಸು ಹೆಚ್ಚೇ ತೆವಳಿತು. ಬಜರ್ ಕಿರುಚಿತು. ಪರದೆ ಮೂರೂ ಕಡೆ ಕೆಂಪಾಯಿತು. ಗೂಡ್ಸ್ ಅಂದಾನಿ ಕೆಂಪು ದೀಪ ದಾಟಿದ್ದ.

ಅವನು ಹಿಡಿಯನ್ನು ನೋಡಿದ, ಆಮೇಲೆ ಕೈ ನೋಡಿಕೊಂಡ. ಗಾಜಿನ ಬಾಗಿಲು ತೆರೆದು ಸಬೀಹಾ ಒಳಗೆ ಬಂದಳು.

"ಏನಾತು ಕಾಕಾ?"

"ಕೈ ಖಾಲಿ ಇದ್ವು," ಅಂದ ಅಂದಾನಪ್ಪ. ಅವನಿಗೂ ಅದು ಹೊಸ ಸುದ್ದಿಯಾಗಿತ್ತು. "ನಾ ಕಾಯಾಂವ ಅಂತ ತಿಳಕೊಂಡಿದ್ದೆ. ನಾ ಎಂದೂ ಕಾದೇ ಇಲ್ಲ ನೋಡವ್ವ. ಗಾಡಿ ನಿಂದರ್ತಿತ್ತು, ನಾ ಮನ್ಯಾಗ ಇರ್ತಿದ್ದೆ."

ಒಂದನೇ ತಾರೀಖಿಗೆ ನಾಲ್ಕು ದಿನ ಇರುವಾಗ ಚಂದ್ರಮೌಳಿ ತಾವೇ ಬೆಟಗೇರಿಗೆ ಬಂದರು. ಸಬೀಹಾ ಜೊತೆಗಿದ್ದಳು. ಚಾಪೆಯ ಮೇಲೆ ತಾಟಿನ ಮುಂದೆ ಕೂರುವುದು ಅವರಿಗೆ ಅಭ್ಯಾಸವಿರಲಿಲ್ಲ. ಮಂಡಿ ಎಲ್ಲಿಡುವುದೆಂದು ತಿಳಿಯದೆ ಎರಡು ಸಲ ಜಾಗ ಬದಲಿಸಿದರು. ಪಕ್ಕದಲ್ಲಿ ತೋಟಗೇರ ಅವರಿಗೆ ರೊಟ್ಟಿ ಮುರಿಯುವುದನ್ನು ತೋರಿಸಿಕೊಟ್ಟ.

"ನಾನು ಮೇಲಿನವರ ಹತ್ತಿರ ಮಾತಾಡಿದ್ದೇನೆ, ಅಂದಾನಪ್ಪನವರೇ," ಎಂದರು. "ನಿಮಗೆ ಕೈಗೆ ಕೆಲಸ ಬೇಕು ತಾನೆ? ಕ್ಯಾಬಿನ್ನಿಗೇ ತರಿಸ್ತೀವಿ. ಒಂದು ಬುಟ್ಟಿ ಮೆಣಸಿನಕಾಯಿ ಇಡ್ತೀವಿ. ಸಿಗ್ನಲ್ ಬಿದ್ದ ಕೂಡಲೆ ಬುಟ್ಟಿ ಪಕ್ಕಕ್ಕಿಟ್ಟು ಹೊರಡಿ."

"ಆ ಮೆಣಸಿನಕಾಯಿ ಯಾರ ಸಾರಿಗ್ರಿ?" ಅಂದಾನಪ್ಪ ಪಲ್ಯ ಬಡಿಸುತ್ತ ಕೇಳಿದ.

"ಯಾರದೂ ಅಲ್ಲ. ಸುಮ್ಮನೆ ಕೆಲಸ."

"ಯಾರೂ ಉಣ್ಣಲಾರದ ಮೆಣಸಿನಕಾಯಿ ತೊಟ್ಟು ನಾ ಯಾಕ ಬಿಡಿಸ್ಲಿ?"

ಒಳಕೋಣೆಯಲ್ಲಿ ಟಿಣ್ ಎಂದಿತು. ಚಂದ್ರಮೌಳಿಯವರ ಕೈ ರೊಟ್ಟಿಯ ಮೇಲೆ ನಿಂತಿತು.

"ಸಿಗ್ನಲ್ ಬಿದ್ದಿದೆ," ಎಂದರು.

"ಹೌದ್ರಿ." ಅಂದಾನಪ್ಪ ಮಜ್ಜಿಗೆಯ ಚೊಂಬು ಎತ್ತಿಕೊಂಡು ಮುಂದಿನ ತಾಟಿಗೆ ಹೋದ.

"ಹಸಿರಾಗಿದೆ. ಹೊರಡಬಹುದಲ್ಲ."

"ಇನ್ನ ಇಬ್ಬರದು ಮಜ್ಜಿಗಿ ಆಗ್ಬೇಕ್ರಿ."

ಚಂದ್ರಮೌಳಿ ಕೆನ್ನೆ ಹಿಡಿದುಕೊಂಡರು. ತೋಟಗೇರ ಅವರತ್ತ ಬಾಗಿ, "ಹಲ್ಲ ನೋವೇನ್ರಿ ಸಾಹೇಬ್ರ? ಲವಂಗ ಕೊಡ್ಸಲೇನು?" ಅಂದ. ಸಬೀಹಾ ತಲೆ ತಗ್ಗಿಸಿ ತಾಟಿನೊಳಗೆ ನಕ್ಕಳು.

"ನೋಡ್ರಿ ಸರ್," ಎಂದಳು ಆಮೇಲೆ. "ಐದನೇ ದಿನಾ ಗೂಡ್ಸ್ ತಡಾ ಅಂತ ವೇಳಾಪಟ್ಟಿಯೊಳಗ ಬರದಬಿಡೂಣ್ರಿ. ಕರಿಕಟ್ಟಿ ಮಂದಿ ಆಗಲೇ ಅದರ ಪ್ರಕಾರ ಉಣ್ಣಾಕತ್ತಾರ."

"ಬೆಟಗೇರಿಯ ನಲ್ಲಿ ನೋಡಿಕೊಂಡು ನಾನು ಹಡಗಿಗೆ ಹೊತ್ತು ಕೊಡಬೇಕಾ?" ಚಂದ್ರಮೌಳಿ ಅಂಗೈ ಒರೆಸಿಕೊಂಡರು. ಮೃದುವಾಗಿಯೇ, ಆದರೆ ಇಷ್ಟು ಹೊತ್ತು ಒಳಗಿಟ್ಟುಕೊಂಡದ್ದನ್ನು ಹೊರತೆಗೆಯುವವರ ಹಾಗೆ ಹೇಳಿದರು: "ಸರಿ, ಕ್ಯಾಬಿನ್ ಬಿಡಿ. ಮೆಣಸಿನಕಾಯಿಯೂ ಬಿಡಿ. ನಿಮಗೆ ನಿಜವಾದ ಗಾಡಿ ಕೊಡ್ತೀವಿ."

ಚೊಂಬು ಹಿಡಿದ ಅಂದಾನಪ್ಪ ತಿರುಗಿದ.

"ಆಟದ್ದಲ್ಲ. ನಿಜವಾದ ಅದಿರು, ನಿಜವಾದ ಎಂಜಿನ್. ಮಾರ್ಗದಲ್ಲಿ ಮನುಷ್ಯ ಓಡಿಸುವ ಒಂದೇ ಗಾಡಿ. ಗಣಿಯಿಂದ ಬಂದರಿನವರೆಗೆ ನಿಮ್ಮ ಕೈಯಲ್ಲೇ. ತರಬೇತಿ ನಾವು ಕೊಡ್ತೀವಿ, ಪರವಾನಗಿ ನಾವು ಮಾಡಿಸ್ತೀವಿ. ಯಂತ್ರ ನಿಮ್ಮ ಪಕ್ಕ ಕೂತು ಕಲಿಯಲಿ. ನಿಜವಾದ ಗಾಡಿಯಲ್ಲಿ ಕಾಯೋದು ಬೇರೆ, ಅಲ್ಲಿ ನಿಮ್ಮ ಕೈ ತೆವಳಲ್ಲ, ನನಗೆ ಗೊತ್ತು. ಆಗ ನಿಜಕಾಲವೂ ಆಟದಲ್ಲಿ ಹಾಗೇ ಇರುತ್ತೆ. ಇಲ್ಲಾಂದರೆ ಒಂದನೇ ತಾರೀಖಿಗೆ ಅದನ್ನು ಉಳಿಸೋದು ನನ್ನ ಕೈಯಲ್ಲಿಲ್ಲ."

ಪಡಸಾಲೆಯಲ್ಲಿ ಯಾರೂ ಉಣ್ಣಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಬಾಗಿಲಲ್ಲಿ ಶಂಕ್ರವ್ವ ಕಾಣಿಸಿಕೊಂಡಳು, ಮೊಣಕೈವರೆಗೂ ಹಿಟ್ಟು.

ಮದುವೆಯಾದ ಹೊಸತರಲ್ಲಿ ಗದಗ ಸ್ಟೇಷನ್ನಿನ ಮೇಲ್ಸೇತುವೆಗೆ ಅವನು ಅವಳನ್ನು ಕರೆದುಕೊಂಡು ಹೋಗಿದ್ದ. ಸಿನಿಮಾಕ್ಕೆ ಎಂದು ಹೇಳಿ ಕರೆತಂದವನು ಮೂರು ಗೂಡ್ಸ್ ಗಾಡಿ ತೋರಿಸಿದ್ದ. ಅವನ ಮುಖ ಈಗ ಅಂದಿನ ಹಾಗೇ ಇತ್ತು. ಅವಳಿಗೆ ಅದು ತಿಳಿಯಿತು.

"ಹೋಗ್ರಿ," ಅಂದಳು. "ನಿಮ್ಮ ಆಸೆ ನನಗ ಗೊತ್ತೈತಿ. ನೀರ ನಾ ತುಂಬ್ಕೋತೀನಿ. ಬಡಸಾಕ ಯಾರನಾರ ಇಟಗೊಂಡ್ರ ಆತು."

ಅಂದಾನಪ್ಪ ಚೊಂಬನ್ನು ನೆಲದ ಮೇಲಿಟ್ಟ. ಚಂದ್ರಮೌಳಿಯವರ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಆ ಗಾಡೀನೂ ಕರಿಕಟ್ಟಿ ಲೂಪಿನ್ಯಾಗ ನಿಂದರ್ತೈತೇನ್ರಿ?"

"ನಿಲ್ಲುತ್ತೆ. ಎಕ್ಸ್‌ಪ್ರೆಸ್ಸಿಗೆ ದಾರಿ ಕೊಡಲೇಬೇಕಲ್ಲ."

"ಅಲ್ಲೆ ನಾಯಿ ಐತೇನ್ರಿ? ಕಂದು ನಾಯಿ?"

ಚಂದ್ರಮೌಳಿ ಸಬೀಹಾಳ ಮುಖ ನೋಡಿದರು. "ಐತಿ ಕಾಕಾ," ಅಂದಳು ಅವಳು. "ಬೆಂಚಿನ ಕೆಳಗ. ಈಗ ಮುದಿ ಆಗೈತಿ."

ಅವನು ತಲೆಯಾಡಿಸಿದ. ಆ ಗಾಡಿ, ಆ ಬೆಂಚು, ಆ ನಾಯಿ ಎಲ್ಲ ಅವನ ಕಣ್ಣ ಮುಂದೆ ಒಂದು ಸುತ್ತು ಬಂದು ನಿಂತದ್ದು ಕೂತವರಿಗೆಲ್ಲ ಕಾಣಿಸಿತು.

"ನಿಂತಾಗ ನಾ ಇಳೀಬಹುದೇನ್ರಿ?"

"ಇಳಿಯೋದಾ? ಇಲ್ಲ, ಎಂಜಿನ್ ಬಿಟ್ಟು ಇಳಿಯೋ ಹಾಗಿಲ್ಲ. ಅದು ಕಾನೂನು."

"ಅಲ್ಲೇ ಕೂಡಬೇಕು."

"ಹೌದು, ಅಲ್ಲೇ."

"ಒಬ್ಬನ."

"ಒಬ್ಬರೇ. ಯಾರೂ ತೊಂದರೆ ಕೊಡಲ್ಲ ನಿಮಗೆ."

ಒಳಕೋಣೆಯಲ್ಲಿ ಗುಂಯ್ ಎಂಬ ನಾದ ನಡೆದೇ ಇತ್ತು. ಹಸಿರು ಬಿದ್ದು ಬಹಳ ಹೊತ್ತಾಗಿತ್ತು. ಅಂದಾನಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದ, ಮಜ್ಜಿಗೆಯ ಚೊಂಬು ಎತ್ತಿಕೊಂಡ, ಚಂದ್ರಮೌಳಿಯವರ ಲೋಟ ತುಂಬಿಸಿದ.

"ಒಲ್ಲೆರಿ," ಅಂದ.